ಎರಡು ಸ್ಪೀಕರು, ನಡುವೆ ಒಂದು ಕುರ್ಚಿ

ಮನೆಯಲ್ಲಿ ಕೂತು ನೆಮ್ಮದಿಯಾಗಿ ಸಂಗೀತ ಕೇಳಬೇಕೆಂದು ಒಬ್ಬ ಮನುಷ್ಯ ತೀರ್ಮಾನಿಸಿದ ದಿನದಿಂದ ಊರಿನವರಿಗೆಲ್ಲ ಅವನ ಮನೆಯಲ್ಲಿ ಏನಾದರೊಂದು ಕೆಲಸ ಬೀಳುತ್ತಲೇ ಇರುತ್ತದೆ. ಏಕೆ ಹೀಗೆ ಎಂದು ನಾನು ವಿಚಾರ ಮಾಡಲು ಹೋಗಿಲ್ಲ. ಭಗವಂತನಿಗೆ ಗೊತ್ತಿರುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಮಂಡ್ಯ ಸೀಮೆಯ ಕೊತ್ತತ್ತಿ ಪಕ್ಕದ ಊರು. ಓದಿದ್ದು ಊರಿನ ಶಾಲೆಯಲ್ಲಿ. ಆಮೇಲೆ ನಾಲೆಯ ಮೇಲೆ ನೀರುಗಂಟಿ ಕೆಲಸ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವುದು. ಕತ್ತಲಲ್ಲೂ ತೂಬಿನ ಸದ್ದು ಕೇಳಿಯೇ ನೀರು ಎಷ್ಟು ಹೋಗುತ್ತಿದೆ ಎಂದು ಹೇಳುತ್ತಿದ್ದೆ. ಕಿವಿ ಪಳಗಿದ್ದು ಅಲ್ಲಿ. ಬೆಳಿಗ್ಗೆ ಪೂಜೆ ಮುಗಿಸಿ ದೇವರ ಹಾಡು ಕೇಳುವುದು ಮೊದಲಿನಿಂದ ಬಂದ ಅಭ್ಯಾಸ. ಅಷ್ಟು ವರ್ಷ ಅಂಗೈಯಗಲದ ರೇಡಿಯೊ, ಈಚೆಗೆ ಫೋನು. ನಿವೃತ್ತಿಯಾದಾಗ ಒಂದೇ ಒಂದು ಆಸೆ ಉಳಿದಿತ್ತು. ಒಳ್ಳೆಯ ಸ್ಟೀರಿಯೊ ತರಬೇಕು. ನನ್ನ ಬಳಿ ಇದ್ದ ಒಂದು ಭಜನೆ ಸಿ.ಡಿ.ಯನ್ನು ಗಣಪತಿ ಸ್ತುತಿಯಿಂದ ಮಂಗಳದವರೆಗೆ, ಒಂದೇ ಸಲ ಕೂತು, ನಡುವೆ ಯಾರೂ ಎಬ್ಬಿಸದ ಹಾಗೆ ಕೇಳಬೇಕು. ಒಟ್ಟು ಎಪ್ಪತ್ತು ನಿಮಿಷ. ದೇವರಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳಿಕೊಂಡವನಲ್ಲ.

ಅಂಗಡಿಯಲ್ಲಿ

ಮಂಡ್ಯದ ಆ ಅಂಗಡಿಯಲ್ಲಿ ಸ್ಟೀರಿಯೊ ಕೇಳಿಸುವುದಕ್ಕೆಂದೇ ಒಂದು ಗಾಜಿನ ಕೋಣೆ ಇದೆ. ನೆಲಕ್ಕೆ ಜಮಖಾನ, ಗೋಡೆಗೆ ಮೆತ್ತೆ, ಎರಡು ಕಡೆ ಮೊಣಕಾಲೆತ್ತರದ ಸ್ಪೀಕರು, ಎದುರಿಗೆ ಒಂದೇ ಕುರ್ಚಿ. ಒಳಗಿನ ಶುಭ್ರತೆ ನೋಡಿ ನಾನು ಚಪ್ಪಲಿ ಹೊರಗೆ ಬಿಟ್ಟೆ.

"ಸರಿಯಾಗಿ ನಡುವೆ ಕೂತ್ಕೊಳಿ ಸಾರ್" ಎಂದರು ಅಂಗಡಿಯವರು. "ಎರಡೂ ಸ್ಪೀಕರಿಗೆ ನಿಮ್ಮ ತಲೆ ಸಮದೂರ ಇರ್ಬೇಕು. ಆಗ ಹಾಡೋರು ಎದುರಿಗೇ ನಿಂತ ಹಾಗೆ ಕೇಳುತ್ತೆ. ಯಾವುದು ಹಾಕ್ಲಿ?"

"ದೇವರದ್ದು ಯಾವುದಾದರೂ ಹಾಕಿ."

ಅವರು ಮಂಗಳಾರತಿ ಹಾಡು ಹಾಕಿದರು. ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಒಬ್ಬ ಹೆಂಗಸು ನಿಂತು ಹಾಡತೊಡಗಿದಳು. ಎಡಗಡೆ ಗಂಟೆ. ಬಲಗಡೆ ಜಾಗಟೆ. ಮಂಗಳಾರತಿ ಆಗುವಾಗ ಕೂತಿರುವುದು ನಮ್ಮಲ್ಲಿ ವಾಡಿಕೆಯಿಲ್ಲ. ಎದ್ದು ನಿಂತು ಕೈ ಮುಗಿದೆ.

ಗಾಜಿನಾಚೆ ಫ್ರಿಜ್ಜು ನೋಡಲು ಬಂದಿದ್ದ ಗಂಡ ಹೆಂಡತಿ ನನ್ನನ್ನು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಹಿಂದೆ ಕೈ ಮುಗಿದು ನಿಂತರು. ಮಿಕ್ಸಿ ರಿಪೇರಿಗೆ ತಂದಿದ್ದ ಒಬ್ಬ ಅಜ್ಜ ಮಿಕ್ಸಿ ಸಮೇತ ಬಂದರು. ನಾಲ್ಕು ಜನ ನಿಂತ ಮೇಲೆ ಜಮಖಾನದ ಮೇಲೆ ಕೂತಿದ್ದ ಅಂಗಡಿಯವರಿಗೂ ಮುಜುಗರವಾಯಿತು; ಅವರೂ ಎದ್ದರು. ಹಾಡು ಮುಗಿಯಿತು. ಎಲ್ಲರೂ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡೆವು.

ಫ್ರಿಜ್ಜಿನ ಹೆಂಗಸು ಒಂದು ಗಳಿಗೆ ಕಾದು, ಅಂಗೈ ಮುಂದೆ ಚಾಚಿ ಅಂಗಡಿಯವರನ್ನು ಕೇಳಿದಳು:

"ಯಾಕಣ್ಣ, ತೀರ್ತ ಕೊಡಕಿಲ್ವಾ?"

ನಿಂಬೆಹಣ್ಣು

ಸ್ಟೀರಿಯೊ ಮನೆಗೆ ಬಂತು. ಕೂರಿಸಿಕೊಡಲು ಅಂಗಡಿಯಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದರು. ಹೆಚ್ಚು ಮಾತಿನ ಮನುಷ್ಯನಲ್ಲ. ಹಜಾರದ ಅಗಲ ಅಳೆದರು, ನನ್ನ ಕುರ್ಚಿಯ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸ್ಪೀಕರುಗಳ ಕೆಳಗೆ ನಾಲ್ಕು ನಾಲ್ಕು ಮೊನಚಾದ ಕಬ್ಬಿಣದ ಕಾಲುಗಳಿದ್ದವು. ನೆಲದ ಅದುರುವಿಕೆ ಸ್ಪೀಕರಿಗೆ ತಾಗಬಾರದು, ಅದಕ್ಕೆ ಈ ಮೊಳೆಕಾಲು ಎಂದು ವಿವರಿಸಿದರು.

ಅಷ್ಟರಲ್ಲಿ ಮನೆಯಾಕೆ ಪೂಜೆಯ ತಟ್ಟೆ ಹಿಡಿದು ಬಂದಳು. ಹೊಸ ಸಾಮಾನಿಗೆ ಪೂಜೆಯಾಗದೆ ಕರೆಂಟು ಕೊಡುವುದು ನಮ್ಮ ಮನೆಯಲ್ಲಿಲ್ಲ. ಆಂಪ್ಲಿಫೈಯರಿಗೆ ಕುಂಕುಮ, ಸ್ಪೀಕರಿಗೆ ವಿಭೂತಿ. ಕಾಯಿಯನ್ನು ಬಾಗಿಲಾಚೆ ಒಡೆಸಿದೆ, ಅಷ್ಟು ಮಾತ್ರ ನನ್ನಿಂದ ಆಯಿತು. ಕೊನೆಗೆ ಅವಳು ಸೆರಗಿನಿಂದ ಎಂಟು ನಿಂಬೆಹಣ್ಣು ತೆಗೆದಳು.

"ನಿಂಬೆಹಣ್ಣು ಗಾಡಿಯ ಚಕ್ರಕ್ಕೆ ಕಣೇ. ಇದಕ್ಕೆ ಚಕ್ರ ಎಲ್ಲಿದೆ?" ಎಂದೆ.

"ಕಾಲು ಅದಲ್ಲ" ಎಂದಳು.

ಕಾಲಿತ್ತು. ನಾನೂ ಮೆಕ್ಯಾನಿಕ್ಕೂ ಸ್ಪೀಕರನ್ನು ಎತ್ತಿ ಹಿಡಿದೆವು, ಅವಳು ಒಂದೊಂದು ಕಾಲಿನ ಕೆಳಗೆ ಒಂದೊಂದು ಹಣ್ಣಿಟ್ಟಳು, ಇಳಿಸಿದೆವು. ಮೊಳೆಕಾಲು ಹಣ್ಣಿನೊಳಕ್ಕೆ ಅರ್ಧ ಇಳಿದು ನಿಂತಿತು. ಎರಡನೆಯದಕ್ಕೂ ಹಾಗೆಯೇ. ಆಮೇಲೆ ಹಾಡು ಹಾಕಿದೆವು.

ಮೆಕ್ಯಾನಿಕ್ ಸೀಮೆಸುಣ್ಣದ ಗುರುತಿನ ಮೇಲೆ ಕೂತು ಕಣ್ಣು ಮುಚ್ಚಿದರು. ಎದ್ದು ಹೋಗಿ ಸ್ಪೀಕರಿನ ಮೇಲೆ ಅಂಗೈಯಿಟ್ಟು ನೋಡಿದರು. ಮತ್ತೆ ಬಂದು ಕೂತರು. ಈ ಕೆಲಸದಲ್ಲಿ ಅವರಿಗೆ ಹದಿನೈದು ವರ್ಷದ ಅನುಭವವಂತೆ. ಮನೆಯಾಕೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು:

"ಅಮ್ಮಾ, ಇನ್ನೊಂದೆಂಟು ಹಣ್ಣು ಸಿಗ್ತವಾ? ಮಳವಳ್ಳೀಲಿ ಒಬ್ರು ಕಸ್ಟಮರ್ ಸ್ಪೀಕರು ಅದುರುತ್ತೆ ಅಂತ ಆರು ತಿಂಗಳಿಂದ ತಲೆ ತಿಂತಾ ಇದಾರೆ."

ಈ ಗಲಾಟೆಯಲ್ಲಿ ನಾನು ಕೇಳಿದ್ದು ಗಣಪತಿ ಸ್ತುತಿ ಒಂದೇ. ಇರಲಿ, ಶುಭಾರಂಭ ಎಂದುಕೊಂಡೆ.

ಪಾಲು

ಒಂದು ವಾರ ಕಳೆದಿರಬಹುದು. ಗದ್ದೆಯಿಂದ ಬಂದು ನೋಡುತ್ತೇನೆ, ಹಜಾರದಲ್ಲಿ ಒಂದೇ ಸ್ಪೀಕರು ನಿಂತಿದೆ. ಇನ್ನೊಂದರ ತಂತಿ ನೆಲದ ಮೇಲೆ ಹರಿದು ಅಡುಗೆಮನೆಗೆ ಹೋಗಿದೆ. ಅಲ್ಲಿ ರಾಗಿ ಡ್ರಮ್ಮಿನ ಮೇಲೆ ಸ್ಪೀಕರು ಕೂತಿದೆ. ನೆಟ್ಟಗೆ ನಿಲ್ಲಲೆಂದು ಒಂದು ಕಡೆ ಹುಣಸೆಹಣ್ಣಿನ ಡಬ್ಬ ಆನಿಸಲಾಗಿದೆ.

"ಏನಿದು?" ಎಂದೆ.

"ನೀವೊಬ್ರೇ ಎರಡೆರಡು ಇಟ್ಕಂಡು ಕೇಳ್ತೀರಿ. ಇರೋರು ಇಬ್ರು. ನಂಗೊಂದು ಬ್ಯಾಡ್ವಾ?"

ಹೋಗಿ ಕುರ್ಚಿಯಲ್ಲಿ ಕೂತೆ, ಸಿ.ಡಿ. ಹಾಕಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಭಜನೆಯಲ್ಲಿ ಮುಂದಾಳು ಒಂದು ಸಾಲು ಹಾಡುತ್ತಾನೆ, ಹಿಮ್ಮೇಳದವರು ಅದೇ ಸಾಲನ್ನು ತಿರುಗಿ ಹಾಡುತ್ತಾರೆ. ನನ್ನ ಸಿ.ಡಿ.ಯಲ್ಲಿ ಮುಂದಾಳುವಿನ ದನಿ ಎಡ ಸ್ಪೀಕರಿನಲ್ಲಿ, ಹಿಮ್ಮೇಳ ಬಲ ಸ್ಪೀಕರಿನಲ್ಲಿ. ಎಡದ್ದು ಹಜಾರದಲ್ಲಿತ್ತು, ಬಲದ್ದು ಅಡುಗೆಮನೆಯಲ್ಲಿ. ಹಜಾರದಲ್ಲಿ ಮುಂದಾಳು ಒಂದು ಸಾಲು ಹಾಡಿ ಬಾಯಿ ಮುಚ್ಚುತ್ತಿದ್ದ. ಒಂದು ಗಳಿಗೆ ಮೌನ. ಆಮೇಲೆ ಅಡುಗೆಮನೆಯಿಂದ, ಒಗ್ಗರಣೆಯ ಚಟಪಟದ ನಡುವೆ, ಆರೇಳು ಜನ ಅದೇ ಸಾಲನ್ನು ಒಪ್ಪಿಸುತ್ತಿದ್ದರು.

ಹತ್ತು ನಿಮಿಷ ಹೀಗೆ ನಡೆಯಿತು. ಮನೆಯಾಕೆ ಸೌಟು ಹಿಡಿದು ಹೊರಗೆ ಬಂದಳು.

"ಏನ್ರೀ, ನನ್ ಕಡೆ ಇರೋರು ಸ್ವಂತದ್ದು ಒಂದು ಮಾತೂ ಆಡಕಿಲ್ಲ. ನಿಮ್ ಕಡೆಯೋನು ಏನಂತಾನೋ ಅದನ್ನೇ ತಿರುಗಿ ಅಂತಾವ್ರೆ."

"ಅದು ಹಾಗೆಯೇ ಇರುವುದು. ಅವರ ಕೆಲಸವೇ ಅದು" ಎಂದೆ.

ಅವಳು ಸೌಟು ನನ್ನ ಕೈಗೆ ಕೊಟ್ಟಳು. ಒಳಗೆ ಹೋಗಿ ಸ್ಪೀಕರನ್ನು ಮಗುವಿನ ಹಾಗೆ ತಬ್ಬಿ ಎತ್ತಿಕೊಂಡು ಬಂದು ಹಳೆಯ ಜಾಗದಲ್ಲಿ ಇಟ್ಟಳು.

"ಮೂವತ್ತು ವರ್ಸದಿಂದ ಅಡುಗೆಮನೇಲಿ ನಿಂತು ನಾನು ಮಾಡ್ತಿರೋದೂ ಅದೇ ಕೆಲ್ಸ ತಾನೇ? ಅದಕ್ಕೆ ಬ್ಯಾರೆ ಒಂದು ಸ್ಪೀಕರು ಯಾಕೆ?"

ಚಿಕ್ಕಪ್ಪನ ಫೋನು

ಪಕ್ಕದ ಮನೆಯಲ್ಲಿರುವವರು ವರಸೆಯಲ್ಲಿ ನನಗೆ ಚಿಕ್ಕಪ್ಪ. ಊರಿನ ಭಜನೆ ಗುಂಪಿಗೆ ಅವರೇ ಯಜಮಾನರು. ಹಾರ್ಮೋನಿಯಂ ಅವರದು, ಮುಂದಾಳುವಿನ ದನಿಯೂ ಅವರದೇ. ಪೆಟ್ಟಿಗೆಯೊಳಗಿನ ಭಜನೆಯ ಬಗ್ಗೆ ಅವರಿಗೆ ಅಂಥ ಗೌರವವಿಲ್ಲ. ಆದರೂ ಒಂದು ದಿನ ಫೋನು ಹಿಡಿದು ಬಂದರು.

"ಲೇ, ಹೋದ ಸನಿವಾರ ಗುಡೀಲಿ ನಾವು ಆಡಿದ್ದ ಈ ಫೋನಲ್ಲಿ ಇಡ್ಕಂಡಿವ್ನಿ. ನಿನ್ ಪೆಟ್ಗೇಲಿ ಆಕು. ಭಜನೆ ಅಂದ್ರೆ ಏನು ಅಂತ ಗೊತ್ತಾಗ್ಲಿ."

ಬ್ಲೂಟೂತ್ ಎಂಬುದು ಆಂಪ್ಲಿಫೈಯರಿನಲ್ಲಿದೆ. ತಂತಿಯಿಲ್ಲದೆ ಫೋನಿನ ಹಾಡು ಸ್ಪೀಕರಿಗೆ ಬರುತ್ತದೆ. ಚಿಕ್ಕಪ್ಪನ ಫೋನನ್ನು ಅದಕ್ಕೆ ಜೋಡಿಸಿ, ಅವರನ್ನೇ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಒಳ್ಳೆಯ ಸ್ಪೀಕರಿನ ಗುಣವೇನೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಹಾರ್ಮೋನಿಯಂ ಒಂದು ಕಡೆ ಹೋಗುತ್ತಿತ್ತು, ಚಿಕ್ಕಪ್ಪ ಇನ್ನೊಂದು ಕಡೆ. ನಡುವೆ ಯಾರೋ ಎಲೆಅಡಿಕೆ ಉಗುಳಿದ್ದೂ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಪ್ಪ ಪೂರ್ತಿ ಕೇಳಿದರು. ಎದ್ದು ಪಂಚೆ ಕೊಡವಿಕೊಂಡರು.

"ಬಾಳ ಸುಳ್ಳು ಹೇಳ್ತದೆ ಕಣ್ಲಾ ನಿನ್ ಪೆಟ್ಗೆ" ಎಂದು ಹೊರಟುಹೋದರು.

ಅಲ್ಲಿಗೆ ಮುಗಿಯಲಿಲ್ಲ. ಒಮ್ಮೆ ಜೋಡಿಸಿದ ಫೋನನ್ನು ಆಂಪ್ಲಿಫೈಯರು ಮರೆಯುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಎರಡು ದಿನ ಬಿಟ್ಟು ಹಬ್ಬ. ನಾಲ್ಕು ಜನ ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬಂದಿದ್ದರು, ಸ್ಟೀರಿಯೊದಲ್ಲಿ ದೇವಿಯ ಸ್ತೋತ್ರ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಸ್ತೋತ್ರ ನಿಂತಿತು. ಗಂಭೀರವಾದ ಒಂದು ಗಂಡು ದನಿ, ನಟ್ಟನಡುವೆ, ಎದುರಿಗೇ ನಿಂತ ಹಾಗೆ ಹೇಳಿತು: "ಮರಿಗಳನ್ನು ಮೊದಲ ವಾರ ಬೆಚ್ಚಗಿಡಬೇಕು. ನೀರನ್ನು ಕಾಯಿಸಿ ಆರಿಸಿ ಕೊಡಬೇಕು."

ಗೋಡೆಯಾಚೆ ಚಿಕ್ಕಪ್ಪ ಜಗಲಿಯ ಮೇಲೆ ಕೂತು ಫೋನಿನಲ್ಲಿ ಕೋಳಿ ಸಾಕಣೆ ನೋಡುತ್ತಿದ್ದರು. ಸದ್ದು ಬಾರದ್ದನ್ನು ಕಂಡು ಅಲ್ಲಿಂದ ಜೋರು ಮಾಡುತ್ತಿದ್ದರು, ಇಲ್ಲಿ ಹೆಚ್ಚುತ್ತಿತ್ತು. ನಾನು ಗುಂಡಿಗಳನ್ನು ಒತ್ತುತ್ತಲೇ ಇದ್ದೆ. ಮುತ್ತೈದೆಯರು ಮುಗಿದ ಕೈ ಇಳಿಸಲಿಲ್ಲ. ಮೇವು, ಲಸಿಕೆ, ಹಿಕ್ಕೆ ಬಾಚುವ ಕ್ರಮ, ಎಲ್ಲವನ್ನೂ ಭಕ್ತಿಯಿಂದ ಕೇಳಿಸಿಕೊಂಡರು.

ಕುಂಕುಮ ತೆಗೆದುಕೊಂಡು ಹೊರಡುವಾಗ ಅವರಲ್ಲಿ ಹಿರಿಯರು ಮನೆಯಾಕೆಗೆ ಹೇಳಿದರು:

"ಪ್ರವಚನ ಬಾಳ ಚೆನ್ನಾಗಿತ್ತು ಕಣಮ್ಮ. ಎಲ್ರೂ ಬರೀ ಪರಲೋಕದ್ದೇ ಹೇಳ್ತಾರೆ. ಇದರಲ್ಲಿ ಮನೆಗೆ ಬೇಕಾದ್ದಿತ್ತು."

ಮದ್ದೂರಿಗೆ ಹೋಗಿ ಬಂದದ್ದು

ಮನೆಯಾಕೆಯ ಅಣ್ಣ ಮದ್ದೂರಿನವರು. ಅವರ ಮನೆಯ ಗೃಹಪ್ರವೇಶಕ್ಕೆ ಸ್ಪೀಕರು ಬೇಕೆಂದರು. ಭಾವನಿಗೆ ಇಲ್ಲ ಎನ್ನಲಾಗದು. ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ, ಮೇಲೆ ರಗ್ಗು ಹೊದಿಸಿ, ಬಾಣಂತಿಯನ್ನು ಕಳಿಸುವ ಹಾಗೆ ಕಳಿಸಿಕೊಟ್ಟೆ. ಬೆಳಿಗ್ಗೆಯೆಲ್ಲ ಖಾಲಿ ಹಜಾರದಲ್ಲಿ ಕೂತಿದ್ದೆ.

ಸಂಜೆಯವರೆಗೂ ಇರಬೇಕಾದದ್ದು ಮಧ್ಯಾಹ್ನಕ್ಕೇ ವಾಪಸು ಬಂತು. ಜೊತೆಯಲ್ಲಿ ಭಾವನೂ ಬಂದಿದ್ದರು, ಮುಖ ಸಣ್ಣದು ಮಾಡಿಕೊಂಡು.

"ತಪ್ಪು ತಿಳೀಬ್ಯಾಡಿ ಭಾವ. ನಾವೇನೂ ಮಾಡಿಲ್ಲ. ಮೊದ್ಲಿಂದ್ಲೇ ಇಂಗೇ ಇತ್ತು ಅನ್ನುಸ್ತದೆ" ಎಂದರು.

ಓಡಿಹೋಗಿ ರಗ್ಗು ಸರಿಸಿದೆ. "ಏನಾಯಿತು?"

"ಪಕ್ಕದ ಬೀದಿಗೂ ಕೇಳಲಿಲ್ಲ. ಅದು ಓಗ್ಲಿ ಬುಡಿ. ಆಡೋ ಅಮ್ಮ ಉಸುರು ಎಳ್ಕಳದು, ಉಸುರು ಬುಡದು, ಪಿಟೀಲಿನೋನ ಕಡ್ಡಿ ಗೀರೋದು, ಎಲ್ಲ ಕೇಳ್ತದೆ. ಬಂದಿದ್ದ ನೆಂಟ್ರು ನಕ್ಕುಬುಟ್ರು. ನಮ್ಮೂರ ಮೈಕ್ ಸೆಟ್ಟಿನಲ್ಲಿ ಇಂಥದ್ದೊಂದೂ ಕೇಳಾಕಿಲ್ಲ."

ಭಾವ ಸಮಾಧಾನ ಮಾಡುವವರಂತೆ ನನ್ನ ಭುಜ ತಟ್ಟಿದರು.

"ಗ್ಯಾರಂಟಿ ಇರ್ತದೆ. ಬದಲಾಯಿಸ್ಕೊಡ್ತಾರೆ, ಕೇಳಿ ನೋಡಿ."

ಎಪ್ಪತ್ತು ನಿಮಿಷ

ಸ್ಟೀರಿಯೊ ಬಂದು ಎಂಟು ತಿಂಗಳಾದರೂ ನಾನು ಮಂಗಳ ಕೇಳಿರಲಿಲ್ಲ. ಹಾಲಿನವರು, ಮೀಟರಿನವರು, ಮದುವೆ ಪತ್ರಿಕೆ ಕೊಡುವವರು, ಕರೆಂಟು. ಐವತ್ತೆರಡು ನಿಮಿಷಕ್ಕಿಂತ ಮುಂದೆ ಹೋದದ್ದೇ ಇಲ್ಲ. ಆ ಸಿ.ಡಿ.ಯ ಕೊನೆ ಹೇಗಿದೆಯೆಂದು ತಿಳಿಯದೆಯೇ ಕಣ್ಣು ಮುಚ್ಚಬೇಕಾಗುತ್ತದೇನೋ ಎಂಬ ಯೋಚನೆಯೂ ಒಂದೆರಡು ಸಲ ಬಂದಿತ್ತು.

ಅಷ್ಟರಲ್ಲಿ ಒಂದು ದವಡೆಹಲ್ಲು ನನ್ನ ನೆರವಿಗೆ ಬಂತು. ಮಂಡ್ಯದಲ್ಲಿ ಕೀಳಿಸಿಕೊಂಡೆ. ಎರಡು ದಿನ ಮಾತಾಡಬೇಡಿ ಎಂದರು ಡಾಕ್ಟರು. ಕೆನ್ನೆ ಊದಿದ್ದರಿಂದ ಮನೆಯಾಕೆ ಗದ್ದದಿಂದ ನೆತ್ತಿಗೆ ಒಂದು ಬಿಳಿ ಬಟ್ಟೆ ಬಿಗಿದು ಕಟ್ಟಿದಳು. ಮಾರನೆಯ ದಿನ ಬುಧವಾರ. ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಪೂಜೆ ಮುಗಿಸಿದೆ. ಅವಳು ದೇವರ ಮುಂದಿನ ಊದುಬತ್ತಿಯಲ್ಲಿ ನಾಲ್ಕು ತಂದು ಸ್ಟೀರಿಯೊ ಮುಂದೆ ಸಿಕ್ಕಿಸಿ, ರಾಗಿ ಬೀಸಿಸಲು ಗಿರಣಿಗೆ ಹೋದಳು.

ಮನೆಯಲ್ಲಿ ಯಾರೂ ಇಲ್ಲ. ಯಾರು ಬಂದರೂ ನಾನು ಮಾತಾಡುವ ಹಾಗಿಲ್ಲ. ಇಂಥ ಅವಕಾಶ ಮತ್ತೆ ಸಿಗದು ಎಂದುಕೊಂಡೆ. ಅದುವರೆಗೆ ಇಡದಷ್ಟು ಸದ್ದು ಏರಿಸಿದೆ. ಹಜಾರದಲ್ಲಿ ಹತ್ತು ಜನ ನಿಜವಾಗಿ ಕೂತು ಹಾಡಿದರೆ ಎಷ್ಟೋ ಅಷ್ಟು. ಕುರ್ಚಿಯಲ್ಲಿ ನೆಟ್ಟಗೆ ಕೂತೆ, ಕಣ್ಣು ಮುಚ್ಚಿದೆ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಶನಿವಾರದ ಭಜನೆ ಗುಡಿಯಲ್ಲಿ ನಡೆಯುತ್ತದೆ. ವಾರದ ನಡುವೆ, ಹಗಲು ಹೊತ್ತಿನಲ್ಲಿ, ಒಂದು ಮನೆಯೊಳಗಿಂದ ತಾಳ ಹಾರ್ಮೋನಿಯಂ ಸಮೇತ ಭಜನೆ ಕೇಳಿಬಂದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಅರ್ಥ. ತೀರಿಕೊಂಡವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸುತ್ತಾರೆ, ಹಣೆ ತುಂಬ ವಿಭೂತಿ ಬಳಿಯುತ್ತಾರೆ, ಬಾಯಿ ತೆರೆದುಕೊಳ್ಳದಂತೆ ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಮುಂದೆ ಊದುಬತ್ತಿ ಹಚ್ಚುತ್ತಾರೆ. ಇದೆಲ್ಲ ನನಗೆ ತಿಳಿಯದ್ದಲ್ಲ. ಆ ದಿನ ಹೊಳೆಯಲಿಲ್ಲ.

ಎದುರುಮನೆಯ ಅಜ್ಜಿ ಭಜನೆ ಕೇಳಿ ಬಂದು ಕಿಟಕಿಯಲ್ಲಿ ಇಣುಕಿದರಂತೆ. ನನ್ನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೀದಿಗೆ ಓಡಿದರಂತೆ. ಯಾರೋ ಕಿರುಗಾವಲಿನಲ್ಲಿರುವ ನನ್ನ ತಂಗಿಗೆ ಫೋನು ಮಾಡಿದರಂತೆ. ಅವಳು ಆಟೋ ಹತ್ತಿದಳಂತೆ. ಇದೆಲ್ಲ ಆಮೇಲೆ ತಿಳಿದದ್ದು. ನನಗೆ ಆಗ ಕೇಳಿಸಿದ್ದನ್ನು ಮಾತ್ರ ಹೇಳುತ್ತೇನೆ.

ಕಾಲು ಗಂಟೆಯ ಹೊತ್ತಿಗೆ ಚಪ್ಪಲಿ ಬಿಡುವ ಸದ್ದು, ಜನ ಮೆಲ್ಲಗೆ ನಡೆದು ಬಂದು ಕೂರುವ ಸದ್ದು ಕೇಳಿಸಿತು. ಭಜನೆಯನ್ನು ರೆಕಾರ್ಡು ಮಾಡುವಾಗ ಸಭಿಕರು ಬರುತ್ತಿದ್ದರು ಎಂದು ಕಾಣುತ್ತದೆ, ಸದ್ದು ಸಣ್ಣದಿಟ್ಟು ಕೇಳಿದಾಗ ಇದು ತಿಳಿದಿರಲಿಲ್ಲ ಎಂದುಕೊಂಡೆ.

"ಊರಲ್ಲಿ ನಾವಿದ್ದೂ ಆಚೆ ಗುಂಪು ಕರ್ಸಿದ್ದು ಯಾರ್ಲಾ?" ಎಂದು ಯಾರೋ ಸಿಟ್ಟಿನಿಂದ ಪಿಸುಗುಟ್ಟಿದರು. "ಆಡ್ತಾವ್ರೆ, ಎಲ್ಲವ್ರೆ?"

ಭಜನೆ ಗುಂಪುಗಳ ನಡುವೆ ಇಂಥ ಮಾತು ಎಲ್ಲ ಕಡೆಯೂ ಇರುವಂಥದ್ದೇ.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ನನ್ನ ಎಡ ಹಿಂಬದಿಯಲ್ಲಿ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಭಕ್ತಿ ತುಂಬಿ ಬಂದಿದೆ, ಪುಣ್ಯವಂತೆ. ಸ್ಪೀಕರು ಇರುವುದು ಮುಂದೆ, ಅಳು ಕೇಳುವುದು ಬೆನ್ನ ಹಿಂದೆ; ಈ ಸ್ಟೀರಿಯೊದ ಶಕ್ತಿಯನ್ನು ಅಂಗಡಿಯವರೂ ಪೂರ್ತಿ ತಿಳಿದಿಲ್ಲ ಎನ್ನಿಸಿತು. "ಅಯ್ಯೋ ನನ್ನಣ್ಣಾ" ಎಂದಳು ಅವಳು. ದನಿ ನನ್ನ ತಂಗಿಯ ದನಿಯನ್ನೇ ಹೋಲುತ್ತಿತ್ತು. ಒಳ್ಳೆಯ ಸಂಗೀತದಲ್ಲಿ ಎಲ್ಲರೂ ನಮ್ಮವರಂತೆಯೇ ಕೇಳಿಸುತ್ತಾರೆ.

ಆಮೇಲೆ ಅಳು ತಟ್ಟನೆ ನಿಂತಿತು. ಏನೋ ಗುಸುಗುಸು ಆಯಿತು. "ಶ್" ಎಂದರು ಯಾರೋ. ಅಲ್ಲಿಂದ ಮುಂದೆ ಒಂದು ಕೆಮ್ಮು ಕೂಡ ಇಲ್ಲ. ಐವತ್ತೆರಡನೆಯ ನಿಮಿಷ ದಾಟಿತು. ಅರವತ್ತು ದಾಟಿತು. ಎಡದಿಂದ ಮುಂದಾಳು, ಬಲದಿಂದ ಹಿಮ್ಮೇಳ, ಕೊನೆಗೆ ಎರಡೂ ಕೂಡಿ ಮಂಗಳ. ಕಣ್ಣಲ್ಲಿ ನೀರು ಬಂತು. ಸ್ವಾಮಿ, ಇಷ್ಟು ಸಾಕು ಎಂದು ಮನಸ್ಸಿನಲ್ಲೇ ಅಡ್ಡಬಿದ್ದು ಕಣ್ಣು ತೆರೆದೆ.

ಹಜಾರದಲ್ಲಿ ಮೂವತ್ತೈದು ಜನ ಕೂತಿದ್ದರು. ಎಲ್ಲರೂ ಸ್ಪೀಕರುಗಳ ಕಡೆ ಮುಖ ಮಾಡಿ ಕೈ ಮುಗಿದಿದ್ದರು. ಬಾಗಿಲಲ್ಲಿ ಮನೆಯಾಕೆ, ಸೊಂಟದ ಮೇಲೆ ಹಿಟ್ಟಿನ ಡಬ್ಬ. ನನ್ನ ಪಕ್ಕದಲ್ಲಿ ಕಿರುಗಾವಲಿನ ತಂಗಿ, ಮೂಗು ಕೆಂಪಗೆ. ಮುಂದಿನ ಸಾಲಿನಲ್ಲಿ ಚಿಕ್ಕಪ್ಪ, ಮಡಿಲಲ್ಲಿ ಹಾರ್ಮೋನಿಯಂ, ಹಾರ್ಮೋನಿಯಂ ಮೇಲೆ ಒಂದು ಸೇವಂತಿಗೆ ಹಾರ.

"ಮುಗೀತೇನಣ್ಣ?" ಎಂದಳು ತಂಗಿ.

ಬಾಯಿ ಕಟ್ಟಿತ್ತು. ತಲೆ ಆಡಿಸಿದೆ.

"ನೀ ಬದುಕಿರದು ಆಗ್ಲೇ ಗೊತ್ತಾಯ್ತು. ಅಲುಗಾಡ್ಸಿ ಎಬ್ಬುಸ್ತೀನಿ ಅಂತ ಎದ್ದೆ. ಚಿಕ್ಕಪ್ಪನೇ ಕೈ ಇಡ್ಕಂಡು ಕೂರುಸ್ಬುಡ್ತು. ಪದ ಚೆನ್ನಾಗದೆ, ಮಂಗ್ಳ ಆಗೋಗಂಟ ತಡ್ಕೊ ಅಂತು."

ನಾನು ಚಿಕ್ಕಪ್ಪನ ಕಡೆ ನೋಡಿದೆ. ಬದುಕಿರುವುದು ಹೇಗೆ ಗೊತ್ತಾಯಿತು ಎಂದು ಕೈಯಲ್ಲೇ ಕೇಳಿದೆ. ಚಿಕ್ಕಪ್ಪ ನಿಧಾನವಾಗಿ ಎದ್ದು, ನನಗೆಂದು ತಂದಿದ್ದ ಹಾರವನ್ನು ಎಡಗಡೆಯ ಸ್ಪೀಕರಿಗೆ ಹಾಕಿ, ಕೈ ಮುಗಿದು ತಿರುಗಿದರು.

"ತೊಡೆ ಮ್ಯಾಲೆ ತಾಳ ಆಕ್ತಿದ್ದಲ್ಲ, ಅದರಲ್ಲಿ ಗೊತ್ತಾಯ್ತು ಕಣ್ಲಾ. ಇಷ್ಟು ವರ್ಸ ಎಷ್ಟೋ ಸಾವಿನ ಮನೇಲಿ ಆಡಿವ್ನಿ. ಸತ್ತೋರು ಯಾರೂ ಇಷ್ಟು ತಪ್ಪು ತಾಳ ಆಕಿಲ್ಲ."